ಸಹಿ ಇತ್ತು, ಸಲಹೆ ಇರಲಿಲ್ಲ

(ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.)

ಅವರು ನನ್ನ ಕ್ಲಿನಿಕ್ಕಿಗೆ ಬಂದದ್ದು ನಿದ್ದೆ ಬಾರದ ತೊಂದರೆಗೆ. ಮುಂಬಯಿಯ ಉಪನಗರವೊಂದರ ಅನುದಾನಿತ ಕನ್ನಡ ಮಾಧ್ಯಮ ಹೈಸ್ಕೂಲಿನ ಮುಖ್ಯೋಪಾಧ್ಯಾಯಿನಿ, ಐವತ್ತು ದಾಟಿದವರು. ರಾತ್ರಿ ಎರಡಕ್ಕೆ ಎಚ್ಚರವಾದರೆ ಹಾಲಿನವನು ಬರುವ ತನಕ ತಲೆಯಲ್ಲಿ ಅದೇ ಒಂದು ಸಭೆ.

ಮಕ್ಕಳ ಸಂಖ್ಯೆ ಇಳಿಯುತ್ತಿತ್ತು. ಮುಂದಿನ ಐದು ವರ್ಷಕ್ಕೆ ಶಾಲೆಯ ಗುರಿಗಳೇನು ಎಂದು ಬರೆದು ಕೊಡಿ ಎಂದಿತ್ತು ಆಡಳಿತ ಮಂಡಳಿ. ಇವರು ನಾಲ್ಕು ಭಾನುವಾರ ಕೂತು ಹನ್ನೊಂದು ಪುಟ ಬರೆದರು. ಎಂಟನೇ ತರಗತಿಯಿಂದ ಸೆಮಿ ಇಂಗ್ಲಿಷ್, ಅಂದರೆ ಗಣಿತ, ವಿಜ್ಞಾನ ಇಂಗ್ಲಿಷಿನಲ್ಲಿ, ಹೊಸ ಕಂಪ್ಯೂಟರ್ ಕೋಣೆ, ಇನ್ನೂ ಏನೇನೋ. ಶನಿವಾರ ಹನ್ನೊಂದಕ್ಕೆ ಪಾಲಕರ ಸಭೆ. ಬಂದವರು ಒಂಬತ್ತು ಜನ. ಯಾದಗಿರಿ ಕಡೆಯ ತಾಯಿಯೊಬ್ಬರು, ಕಟ್ಟಡ ಕೆಲಸದವರು, ಎದ್ದು ಕೇಳಿದರಂತೆ: “ಟೀಚರ್, ಎಲ್ಲಾ ಮದಲೇ ಬರ್ಕೊಂಡ್ ಬಂದೀರಿ, ನಮ್ಮನ್ಯಾಕ ಕರದ್ರಿ?” ಕೇಳಿ, ಹೊರಗೆ ಹೋಗಿಬಿಟ್ಟರು.

“ಇಷ್ಟು ವರ್ಷ ಈ ಮಕ್ಕಳಿಗೆ ಸವೆದೆ. ಅವರಿಗೇ ಬೇಡ,” ಎಂದು ಅತ್ತರು. ಮೊದಲ ದಿನ ನಾನು ಹೆಚ್ಚು ಮಾತಾಡಲಿಲ್ಲ. ಫ್ಯಾಮಿಲಿ ಡಾಕ್ಟರಲ್ಲಿ ಬಿಪಿ, ಥೈರಾಯ್ಡ್ ನೋಡಿಸಿಕೊಂಡು ಬನ್ನಿ ಎಂದೆ, ಅಷ್ಟೇ.

ಎರಡನೇ ಸಲ ಆ ಪುಟಗಳನ್ನು ತರಿಸಿ, ನೀವೇ ಗಟ್ಟಿಯಾಗಿ ಓದಿ ಎಂದೆ. ಮೊದಲ ಪುಟದಲ್ಲೇ ‘ಸರ್ವಾಂಗೀಣ ವಿಕಾಸ’ ನಾಲ್ಕು ಸಲ ಬಂತು. ನಾಲ್ಕನೆಯದಕ್ಕೆ ಅವರೇ ನಕ್ಕರು.

ಶಾಲಾ ವ್ಯವಸ್ಥಾಪನಾ ಸಮಿತಿ ಏನು ಹೇಳಿತು ಎಂದು ಕೇಳಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಅದರಲ್ಲಿ ಮುಕ್ಕಾಲು ಪಾಲು ಪಾಲಕರು, ಅರ್ಧದಷ್ಟು ಹೆಂಗಸರು ಇರಬೇಕು. ರಿಜಿಸ್ಟರಿನಲ್ಲಿ ಇದ್ದರು ಕೂಡ. ಸಹಿಯನ್ನು ಪ್ಯೂನ್ ಮನೆಮನೆಗೆ ಹೋಗಿ ತರುತ್ತಿದ್ದ. “ನಮ್ಮದು ಭಾಷಾ ಅಲ್ಪಸಂಖ್ಯಾತರ ಶಾಲೆ. ನಮ್ಮಲ್ಲಿ ಸಮಿತಿ ಸಲಹೆ ಕೊಡಬಹುದು, ಅಷ್ಟೇ,” ಎಂದರು.

“ಆ ಸಲಹೆಯನ್ನಾದರೂ ಕೇಳಿದ್ದೀರಾ?”

ತುಂಬ ಹೊತ್ತು ಸುಮ್ಮನಿದ್ದರು.

ಜನ ಬಾರದ್ದನ್ನು ಅವರು ಪ್ರೀತಿ ಇಲ್ಲದ್ದೆಂದು ಓದಿಕೊಂಡಿದ್ದರು. ನಾಕಾದಲ್ಲಿ, ಅಂದರೆ ರಸ್ತೆ ಕೂಡುವಲ್ಲಿ, ನಿಂತು ಕೂಲಿ ಹಿಡಿಯುವವರಿಗೆ ಶನಿವಾರ ಹನ್ನೊಂದೆಂದರೆ ಒಂದು ದಿನದ ಸಂಬಳ. ಹೋಟೆಲಿನವರಿಗೆ ಅದು ಊಟದ ತಯಾರಿಯ ಹೊತ್ತು. ಇದು ಅವರಿಗೆ ಗೊತ್ತಿರಲಿಲ್ಲವೆಂದಲ್ಲ, ನೋವಿನಲ್ಲಿ ಮರೆತಿದ್ದರು.

ನಾನು ಹೇಳಿದ್ದು ಇಷ್ಟು. ಹನ್ನೊಂದು ಪುಟ ಕಪಾಟಿನಲ್ಲಿಡಿ. ಜನ ಇರುವಲ್ಲಿಗೆ, ಅವರಿಗೆ ಬಿಡುವಿರುವಾಗ ನೀವೇ ಹೋಗಿ. ಬೋರ್ಡಿನ ಪಠ್ಯಕ್ರಮ, ಬಾಲಭಾರತಿ (ಮಹಾರಾಷ್ಟ್ರದ ಪಠ್ಯಪುಸ್ತಕ ಮಂಡಳಿ) ಪುಸ್ತಕ, ಕಡ್ಡಾಯ ಮರಾಠಿ ಬದಲಾಗುವುದಿಲ್ಲ ಎಂದು ಮೊದಲೇ ಹೇಳಿಬಿಡಿ, ಇಲ್ಲದಿದ್ದರೆ ಸುಳ್ಳು ಆಸೆ ಹುಟ್ಟುತ್ತದೆ. ಕೇಳುವುದು ಒಂದೇ ಪ್ರಶ್ನೆ: ಹತ್ತನೇ ಮುಗಿಸಿ ಹೊರಡುವಾಗ ನಿಮ್ಮ ಮಗುವಿಗೆ ಏನು ಬರಬೇಕು? ಉತ್ತರವನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. ತಿದ್ದಬೇಡಿ, ಸಮಜಾಯಿಷಿ ಕೊಡಬೇಡಿ.

ಕೊನೆಯದೇ ಅವರಿಗೆ ಕಷ್ಟ. ಕ್ಲಿನಿಕ್ಕಿನಲ್ಲೇ ಅಭ್ಯಾಸ ಮಾಡಿದೆವು. ನಾನು ಆ ತಾಯಿಯಾದೆ. ಅರ್ಧ ನಿಮಿಷಕ್ಕೇ “ಹಾಗಲ್ಲಮ್ಮ…” ಎಂದು ಶುರು ಹಚ್ಚಿದರು. ನಾಲ್ಕನೇ ಪ್ರಯತ್ನಕ್ಕೆ ಬಾಯಿ ನಿಂತಿತು.

ಮೂರು ವಾರ ಇಬ್ಬರು ಶಿಕ್ಷಕರನ್ನು ಕಟ್ಟಿಕೊಂಡು ಓಡಾಡಿದರು. ಭಾನುವಾರ ಸಂಜೆ ಚಾಳುಗಳಿಗೆ, ಮಧ್ಯಾಹ್ನ ಮೂರರ ಮೇಲೆ ಹೋಟೆಲುಗಳ ಹಿಂಬಾಗಿಲಿಗೆ. ನೋಟ್‌ಬುಕ್ ನನಗೂ ತೋರಿಸಿದರು. ಒಬ್ಬ ತಾಯಿ: “ಬ್ಯಾಂಕಿನ್ಯಾಗ ಫಾರ್ಮ್ ತುಂಬಾಕ ಬರಬೇಕ್ರಿ, ಮಂದಿ ಕೈಕಾಲು ಹಿಡಿಯೂದು ತಪ್ಪಬೇಕು.” ಕುಂದಾಪುರ ಕಡೆಯ ತಂದೆ: ದೊಡ್ಡ ಮಗ ಹನ್ನೊಂದನೇ ಕ್ಲಾಸಿನಲ್ಲಿ ಬಾಯಿ ಬಿಡಲು ಹೆದರುತ್ತಾನೆ, ಚಿಕ್ಕವನಿಗೆ ಆ ಹೆದರಿಕೆ ಬೇಡ. ಹಳೆಯ ವಿದ್ಯಾರ್ಥಿನಿ: “ವೇಗೋತ್ಕರ್ಷ ಚೆನ್ನಾಗೇ ಗೊತ್ತಿತ್ತು ಟೀಚರ್. ಆಕ್ಸಲರೇಶನ್ ಅಂದ್ರೆ ಅದೇ ಅಂತ ತಿಳೀಲಿಕ್ಕೆ ಒಂದು ತಿಂಗಳಾಯ್ತು.”

ಸೆಮಿ ಇಂಗ್ಲಿಷ್ ಬೇಕೆಂದವರೂ ಇದ್ದರು, ಬೇಡವೆಂದವರೂ. ಆದರೆ ಕನ್ನಡದ ಪಕ್ಕದಲ್ಲೇ ಇಂಗ್ಲಿಷ್ ಪದ ಬರೆಸಿ, ಎದ್ದು ನಿಂತು ಮಾತಾಡಿಸಿ, ಅರ್ಜಿ ತುಂಬಿಸಿ ಎಂಬುದಕ್ಕೆ ಬೇಡವೆಂದವರಿಲ್ಲ. ಈ ಮೂರು, ಒಂದೇ ಪುಟದಲ್ಲಿ, ಸಮಿತಿಯ ಮುಂದೆ ಹೋಗಿವೆ. ಆಡಳಿತ ಮಂಡಳಿಯ ಕಾರ್ಯದರ್ಶಿಗೆ ಮಾತ್ರ ಹನ್ನೊಂದು ಪುಟವೇ ಬೇಕಂತೆ. ಆ ಜಗಳ ನಡೆದೇ ಇದೆ.

ಮುಖ್ಯೋಪಾಧ್ಯಾಯಿನಿಗೆ ಈಗಲೂ ವಾರಕ್ಕೆ ಎರಡು ರಾತ್ರಿ ಎಚ್ಚರವಾಗುತ್ತದೆ. ಯಾದಗಿರಿಯ ಆ ತಾಯಿಯ ಮನೆಗೆ ಹೋದಾಗ ಬೀಗ ಹಾಕಿತ್ತು. ಊರಿಗೆ ಹೋದವರು ಬರುವುದು ಜೂನ್‌ಗೆ. ನೋಟ್‌ಬುಕ್ಕಿನಲ್ಲಿ ಅವರಿಗೊಂದು ಪುಟ ಖಾಲಿ ಬಿಟ್ಟಿದ್ದಾರೆ.