ಆಗ್ನೆಸ್ ಪೊಕೆಲ್ಸ್ ಹೆಸರು ಆ ಸಾಲಿನಲ್ಲಿ ಯಾಕೆ?

ಪತ್ರ: ಕಳೆದ ಸಂಚಿಕೆಯಲ್ಲಿ ಜರ್ಮನಿಯ ಭೌತ ರಸಾಯನಶಾಸ್ತ್ರಜ್ಞರ ಸಾಲಿನಲ್ಲಿ ನೆರ್ನ್‌ಸ್ಟ್, ಹಾಬರ್ ಜೊತೆ ಆಗ್ನೆಸ್ ಪೊಕೆಲ್ಸ್ ಹೆಸರನ್ನೂ ಹಾಕಿದ್ದೀರಿ. ಕಾಲೇಜು ಮೆಟ್ಟಿಲೇ ಹತ್ತದ ಗೃಹಿಣಿ ಪಾತ್ರೆ ತೊಳೆಯುವಾಗ ಏನೋ ಗಮನಿಸಿದರು ಅಂತ ಅಲ್ಲಿಗೆ ಸೇರಿಸುವುದು ಸ್ವಲ್ಪ ಜಾಸ್ತಿ ಆಯ್ತು ಅಲ್ವಾ?
(ಒಬ್ಬ ವಿಜ್ಞಾನ ಮೇಷ್ಟ್ರು, ಹಾಸನ)

ಸಂಪಾದಕರ ಉತ್ತರ: ಮೇಷ್ಟ್ರೇ, ಖಂಡಿತ ಜಾಸ್ತಿ ಆಗಲಿಲ್ಲ. ಪಾತ್ರೆ ತೊಳೆಯುವ ನೀರಿನ ಮೇಲೆ ಜಿಡ್ಡು ಹರಡುವುದನ್ನು ಎಲ್ಲರೂ ನೋಡಿರುತ್ತಾರೆ. ಆಗ್ನೆಸ್ ಅದನ್ನು ಅಳೆಯಲು ಕೂತರು.

ಅವರು ಹುಟ್ಟಿದ್ದು 1862ರಲ್ಲಿ ವೆನಿಸ್‌ನಲ್ಲಿ, ಬೆಳೆದದ್ದು ಜರ್ಮನಿಯ ಬ್ರೌನ್‌ಶ್ವೈಗ್ ಊರಿನಲ್ಲಿ. ಆಗ ಅಲ್ಲಿನ ವಿಶ್ವವಿದ್ಯಾಲಯಗಳು ಹೆಣ್ಣುಮಕ್ಕಳನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಅವಕಾಶ ಸಿಗುವ ಹೊತ್ತಿಗೆ ಮನೆಯವರು ಬೇಡ ಎಂದರು. ಅವರು ಮದುವೆಯಾಗಲಿಲ್ಲ. ಕಾಯಿಲೆಯ ಅಪ್ಪ ಅಮ್ಮನನ್ನು ನೋಡಿಕೊಳ್ಳುತ್ತಾ ಮನೆ ನಡೆಸಿದರು. ಗೊಟ್ಟಿಂಗೆನ್‌ನಲ್ಲಿ ಭೌತಶಾಸ್ತ್ರ ಓದುತ್ತಿದ್ದ ತಮ್ಮ ಫ್ರೀಡ್ರಿಖ್ ಕೊಡುತ್ತಿದ್ದ ಪುಸ್ತಕಗಳನ್ನು ಓದಿ ತಾವೇ ಕಲಿತರು.

ಅವರ ಉಪಕರಣ ನೋಡಿ. ಸುಮಾರು 70 ಸೆಂ.ಮೀ. ಉದ್ದ, 5 ಸೆಂ.ಮೀ. ಅಗಲದ ತಗಡಿನ ತೊಟ್ಟಿ. ಅದರ ತುಂಬ ನೀರು. ಮೇಲೆ ಅಡ್ಡಲಾಗಿ ಒಂದು ತಗಡಿನ ಪಟ್ಟಿ. ಪಟ್ಟಿ ಸರಿಸಿದರೆ ಒಂದು ಬದಿಯ ಜಾಗ ಕಿರಿದಾಗಿ ಅಲ್ಲಿನ ಜಿಡ್ಡು ಒತ್ತೊತ್ತಾಗುತ್ತದೆ. ಪುಟ್ಟ ಬಿಲ್ಲೆಯೊಂದನ್ನು ನೀರಿಗೆ ತಾಗಿಸಿ, ಅದು ನೀರು ಬಿಟ್ಟು ಮೇಲೇಳಲು ಎಷ್ಟು ಬಲ ಬೇಕು ಅಂತ ತಕ್ಕಡಿಯಲ್ಲಿ ನೋಡುತ್ತಿದ್ದರು. ಮೇಲ್ಮೈ ಎಳೆತ, ಅಂದರೆ ನೀರಿನ ಮೇಲ್ಮೈ ಬಿಗಿದ ಪೊರೆಯ ಹಾಗೆ ಎಳೆದುಕೊಂಡಿರುವ ಬಲ, ಗೊತ್ತಾಗುತ್ತಿದ್ದದ್ದು ಹೀಗೆ. ಜಾಗ ಕಿರಿದಾಗುತ್ತಾ ಹೋದರೂ ಒಂದು ಹಂತದವರೆಗೆ ಎಳೆತ ಹೆಚ್ಚುಕಡಿಮೆ ಹಾಗೇ ಇರುತ್ತದೆ. ಅದು ದಾಟಿದೊಡನೆ ಸರ್ರನೆ ಇಳಿಯುತ್ತದೆ. ಅಣುಗಳು ಒಂದೇ ಪದರದಲ್ಲಿ ಒಂದಕ್ಕೊಂದು ತಾಗಿಕೊಂಡು ನಿಲ್ಲುವ ಹಂತ ಅದು ಅಂತ ಆಮೇಲೆ ಇಂಗ್ಲೆಂಡಿನ ಭೌತಶಾಸ್ತ್ರಜ್ಞ ಲಾರ್ಡ್ ರೇಲಿ ವಿವರಿಸಿದರು.

ನನಗೆ ಎಲ್ಲಕ್ಕಿಂತ ಇಷ್ಟವಾಗುವುದು ಇನ್ನೊಂದು ಸಂಗತಿ. ಅದೇ ಪಟ್ಟಿಯಿಂದ ಅವರು ಪ್ರಯೋಗಕ್ಕೆ ಮೊದಲು ನೀರಿನ ಮೇಲ್ಮೈಯನ್ನು ಗುಡಿಸಿ ಶುಚಿ ಮಾಡುತ್ತಿದ್ದರು. ಕಣ್ಣಿಗೆ ಕಾಣದಷ್ಟು ಜಿಡ್ಡಿದ್ದರೂ ಅಳತೆ ಕೆಡುತ್ತದೆ. ಸುಮ್ನೆ ಕುತೂಹಲಕ್ಕೆ ನೋಡುವವರು ಇಷ್ಟು ಕಾಳಜಿ ಮಾಡುತ್ತಾರಾ?

1891ರಲ್ಲಿ ಅವರು ರೇಲಿಗೆ ಜರ್ಮನ್ ಭಾಷೆಯಲ್ಲೇ ಕಾಗದ ಬರೆದರು. ರೇಲಿ ಅದನ್ನು ಅನುವಾದ ಮಾಡಿಸಿ 'ನೇಚರ್' ವಿಜ್ಞಾನ ಪತ್ರಿಕೆಗೆ ಕಳಿಸಿದರು. ಅದು ಆ ವರ್ಷ ಮಾರ್ಚ್‌ನಲ್ಲೇ ಅಚ್ಚಾಯಿತು. ಆಗ್ನೆಸ್ ಅವರ ತೊಟ್ಟಿಯನ್ನು 1917ರಲ್ಲಿ ಅಮೆರಿಕದ ವಿಜ್ಞಾನಿ ಲ್ಯಾಂಗ್‌ಮ್ಯೂರ್ ಸುಧಾರಿಸಿ ಬಳಸಿದರು. ಮೇಲ್ಮೈ ರಸಾಯನಶಾಸ್ತ್ರದ ಕೆಲಸಕ್ಕೆ 1932ರಲ್ಲಿ ಲ್ಯಾಂಗ್‌ಮ್ಯೂರ್‌ಗೆ ನೊಬೆಲ್ ಬಂತು. ಅದೇ ವರ್ಷ, 70ನೇ ವಯಸ್ಸಿನಲ್ಲಿ, ಆಗ್ನೆಸ್‌ಗೆ ಬ್ರೌನ್‌ಶ್ವೈಗ್‌ನ ತಾಂತ್ರಿಕ ವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. ಆ ತೊಟ್ಟಿಗೆ ಇವತ್ತೂ ಲ್ಯಾಂಗ್‌ಮ್ಯೂರ್ ಹೆಸರೇ ಇದೆ. ಮೇಲ್ಮೈ ಎಳೆತದ ಪಾಠ ಬಂದಾಗ ಮಕ್ಕಳಿಗೆ ಆಗ್ನೆಸ್ ಹೆಸರನ್ನೂ ಹೇಳಿ, ಮೇಷ್ಟ್ರೇ.