ತಟ್ಟೆ ಬೇರೆ ಇಡೋದು ಬೇಡ, ಲಸಿಕೆ ತಡವಾಗೋದು ಬೇಡ

ಪ್ರಶ್ನೆ: ಡಾಕ್ಟರ್ ಮೇಡಂ, ನನಗೀಗ ಐದು ತಿಂಗಳು. ರಕ್ತ ಪರೀಕ್ಷೆಯಲ್ಲಿ ಹೆಪಟೈಟಿಸ್ ಬಿ ಪಾಸಿಟಿವ್ ಬಂದಿದೆ. ಜ್ವರ ಇಲ್ಲ, ಕಣ್ಣು ಹಳದಿಯಾಗಿಲ್ಲ. ಆದರೂ ಮನೆಯಲ್ಲಿ ನನ್ನ ತಟ್ಟೆ, ಲೋಟ ಬೇರೆ ಇಟ್ಟಿದ್ದಾರೆ. ಸಿಸೇರಿಯನ್ನೇ ಆಗಬೇಕು, ಎದೆಹಾಲು ಕೊಡಬಾರದು ಅಂತಾರೆ ಅತ್ತೆ. ನಮ್ಮನೆಯವರು ‘ಇದು ನಿನಗೆ ಎಲ್ಲಿಂದ ಬಂತು?’ ಎಂದು ಕೇಳಿದರು. ಮಗುವಿಗೂ ಬರುತ್ತಾ?
– ಹೆಸರು ಬೇಡ

ಉತ್ತರ: ಮೊದಲು ನಿಮ್ಮ ಯಜಮಾನರ ಪ್ರಶ್ನೆಗೇ ಉತ್ತರ ಹೇಳುತ್ತೇನೆ. ಈ ಪುಟವನ್ನು ಅವರ ಕೈಗೇ ಕೊಡಿ. ಹೆಪಟೈಟಿಸ್ ಬಿ ಲಿವರಿಗೆ ತಗುಲುವ ವೈರಸ್. ದೊಡ್ಡವರಾದ ಮೇಲೆ ಇದು ತಗುಲಿದರೆ ನೂರಕ್ಕೆ 95 ಜನರ ದೇಹ ಅದನ್ನು ತಾನಾಗಿಯೇ ಹೊರಗೆ ಹಾಕುತ್ತದೆ. ಹುಟ್ಟುವಾಗ ತಗುಲಿದರೆ ಹತ್ತರಲ್ಲಿ ಒಂಬತ್ತು ಮಕ್ಕಳಲ್ಲಿ ಅದು ಉಳಿದೇಬಿಡುತ್ತದೆ. ವರ್ಷಗಟ್ಟಲೆ ಸದ್ದಿಲ್ಲದೆ ಇರುತ್ತದೆ. ಹಾಗಾಗಿ ಬಸಿರಿನ ಪರೀಕ್ಷೆಯಲ್ಲಿ ಮೊದಲ ಸಲ ಗೊತ್ತಾಗುವವರಲ್ಲಿ ಎಷ್ಟೋ ಜನರಿಗೆ ಅದು ಬಂದದ್ದು ಎಳೆಗೂಸಾಗಿದ್ದಾಗ. ಯಾರಿಂದ ಬಂತು ಅನ್ನೋದನ್ನು ಈ ರಿಪೋರ್ಟು ಹೇಳುವುದಿಲ್ಲ. ಅದನ್ನು ಹಿಡಿದು ಹೆಂಡತಿಯನ್ನು ವಿಚಾರಣೆ ಮಾಡುವುದೂ ತರವಲ್ಲ. ಅದರ ಬದಲು ಅವರೂ ಪರೀಕ್ಷೆ ಮಾಡಿಸಿಕೊಳ್ಳಲಿ. ನೆಗೆಟಿವ್ ಬಂದು, ಹಿಂದೆ ಲಸಿಕೆ ಆಗಿಲ್ಲದಿದ್ದರೆ ಈಗೊಂದು, ತಿಂಗಳು ಬಿಟ್ಟು ಒಂದು, ಆರನೇ ತಿಂಗಳಿಗೆ ಇನ್ನೊಂದು ಡೋಸ್. ಅಲ್ಲಿಯವರೆಗೆ ಕಾಂಡೋಮ್ ಇರಲಿ.

ತಟ್ಟೆ ಲೋಟ ಬೇರೆ ಮಾಡಿದ್ದು ಸುಮ್ನೆ. ಈ ವೈರಸ್ ಹರಡೋದು ರಕ್ತದಿಂದ, ಲೈಂಗಿಕ ಸಂಪರ್ಕದಿಂದ. ಜೊತೆಗೆ ಉಂಡರೆ, ತಬ್ಬಿಕೊಂಡರೆ ಬರುವುದಿಲ್ಲ. ಬೇರೆ ಇರಬೇಕಾದದ್ದು ರೇಜರ್, ಹಲ್ಲುಜ್ಜುವ ಬ್ರಷ್, ನೇಲ್ ಕಟರ್. ನಾನು ನೋಡಿದ ಎಷ್ಟೋ ಮನೆಗಳಲ್ಲಿ ಅಡುಗೆಮನೆಯಲ್ಲಿ ಮಡಿ, ಬಚ್ಚಲಲ್ಲಿ ಎಲ್ಲರಿಗೂ ಒಂದೇ ರೇಜರ್!

ಈಗ ಮಗುವಿನ ವಿಷಯ. ಬರಬಹುದು, ಆದರೆ ತಡೆಯಬಹುದು. ವೈರಸ್ ಜಾಸ್ತಿ ಇರುವ ತಾಯಿಗೆ ಹುಟ್ಟಿದ ಮಕ್ಕಳನ್ನು ಏನೂ ಮಾಡದೆ ಬಿಟ್ಟರೆ ನೂರಕ್ಕೆ 90ರವರೆಗೂ ಸೋಂಕು ತಗುಲಬಹುದು. ಅದಕ್ಕೇ ಈಗ ವೈರಲ್ ಲೋಡ್ (ರಕ್ತದಲ್ಲಿ ವೈರಸ್ ಎಷ್ಟಿದೆ ಅನ್ನೋ ಲೆಕ್ಕ) ಮತ್ತು ಲಿವರ್ ಪರೀಕ್ಷೆ ಮಾಡಿಸಿ. ಲೋಡ್ ಒಂದು ಮಿಲಿಲೀಟರಿಗೆ 2 ಲಕ್ಷ ಯೂನಿಟ್ ದಾಟಿದ್ದರೆ ವೈರಸ್ ತಗ್ಗಿಸುವ ಟೆನೊಫೊವಿರ್ ಮಾತ್ರೆ ಕೊಡುತ್ತಾರೆ, ಸಾಮಾನ್ಯವಾಗಿ 28ನೇ ವಾರದ ಹೊತ್ತಿಗೆ. ಬಸಿರಲ್ಲಿ ಮಾತ್ರೆಯಾ ಎಂದು ಹೆದರಬೇಡಿ. ಗರ್ಭಿಣಿಯರಿಗೆ ಇದನ್ನು ಬಹಳ ವರ್ಷಗಳಿಂದ ಕೊಡುತ್ತಿದ್ದಾರೆ. ನೀವಾಗಿಯೇ ನಿಲ್ಲಿಸುವುದು ಮಾತ್ರ ಬೇಡ.

ನಾನು ಜಾಸ್ತಿ ಒತ್ತಿ ಹೇಳೋದು ಹೆರಿಗೆಯ ದಿನದ ಬಗ್ಗೆ. ಮಗು ಹುಟ್ಟಿದ 12 ಗಂಟೆಯೊಳಗೆ ಎರಡು ಇಂಜೆಕ್ಷನ್ ಆಗಬೇಕು. ಒಂದು ತೊಡೆಗೆ ಹೆಪಟೈಟಿಸ್ ಬಿ ಲಸಿಕೆ, ಇನ್ನೊಂದಕ್ಕೆ ಹೆಪಟೈಟಿಸ್ ಬಿ ಇಮ್ಯುನೊಗ್ಲೋಬ್ಯುಲಿನ್, ಅಂದರೆ ಈ ವೈರಸ್ ವಿರುದ್ಧ ತಕ್ಷಣ ರಕ್ಷಣೆ ಕೊಡುವ ಸಿದ್ಧ ಪ್ರತಿಕಾಯ. ಎರಡನೆಯದು ಎಲ್ಲ ಕಡೆ ತಯಾರಿರುವುದಿಲ್ಲ. ಎಂಟು ತಿಂಗಳು ತುಂಬುವ ಮೊದಲೇ ಆಸ್ಪತ್ರೆಯಲ್ಲಿ ವಿಚಾರಿಸಿ, ತರಿಸಿ ಇಡಲು ಹೇಳಿ. ಅದು ಸಿಗದಿದ್ದರೂ ಲಸಿಕೆ ನಿಲ್ಲಬಾರದು. ಹೆರಿಗೆ ರಾತ್ರಿಯಾಯಿತು, ರಜೆ ದಿನ, ‘ನಾಳೆ ಹಾಕೋಣ’ ಅಂದರೆ ಒಪ್ಪಬೇಡಿ. ಹೆರಿಗೆ ನೋವಿನಲ್ಲಿ ನಿಮಗೆ ಇದೆಲ್ಲ ನೆನಪಿರುವುದಿಲ್ಲ. ಈ ಕೆಲಸವನ್ನು ನಿಮ್ಮ ಯಜಮಾನರಿಗೆ ವಹಿಸಿ, ರಿಪೋರ್ಟಿನ ಪ್ರತಿಯೂ ಅವರ ಜೇಬಲ್ಲಿರಲಿ.

ಇದೊಂದೇ ಕಾರಣಕ್ಕೆ ಸಿಸೇರಿಯನ್ ಬೇಡ. ಹಾಲು ಮೊದಲ ದಿನದಿಂದಲೇ ಕುಡಿಸಿ. ಮೊಲೆತೊಟ್ಟು ಒಡೆದು ರಕ್ತ ಬಂದರೆ ಮಾತ್ರ, ವಾಸಿಯಾಗುವ ತನಕ ಇನ್ನೊಂದು ಕಡೆ ಕುಡಿಸಿ. ಮಗುವಿನ ಉಳಿದ ಡೋಸ್‌ಗಳು ಹೊತ್ತಿಗೆ ಸರಿಯಾಗಿ ಆಗಲಿ. 9 ತಿಂಗಳು ತುಂಬಿದ ಮೇಲೆ ಮಗುವಿನ ರಕ್ತ ಪರೀಕ್ಷೆ. ಅದಕ್ಕಿಂತ ಮುಂಚೆ ಮಾಡಿಸಿದರೆ ಫಲಿತಾಂಶ ಗೊಂದಲ ಮಾಡುತ್ತದೆ. ಬಾಣಂತನದಲ್ಲಿ ಎಲ್ಲರೂ ಮಗುವನ್ನು ನೋಡುತ್ತಾರೆ, ನಿಮ್ಮ ಲಿವರನ್ನು ಮರೆಯುತ್ತಾರೆ. ಹೆರಿಗೆಯಾದ ಕೆಲವು ತಿಂಗಳಲ್ಲಿ ಈ ಕಾಯಿಲೆ ಒಮ್ಮೊಮ್ಮೆ ಕೆರಳುತ್ತದೆ. ಮೊದಲ ಆರು ತಿಂಗಳು ಡಾಕ್ಟರ್ ಹೇಳಿದಾಗಲೆಲ್ಲ ಪರೀಕ್ಷೆ ಮಾಡಿಸಿ, ಆಮೇಲೂ ತಪಾಸಣೆ ಬಿಡಬೇಡಿ.

ಪ್ರಶ್ನೆ: ನನ್ನ ತಂಗಿಗೆ ಎಂಟು ತಿಂಗಳು. ಮೂರು ದಿನದಿಂದ ವಾಂತಿ, ಮೂತ್ರ ಗಾಢ ಹಳದಿ, ಕಣ್ಣೂ ಹಳದಿ. ಕಾಮಾಲೆಗೆ ಗಿಡಮೂಲಿಕೆ ಔಷಧಿ ಕೊಡಬಹುದಾ?
– ಒಬ್ಬ ಓದುಗರು

ಉತ್ತರ: ಪತ್ರಿಕೆ ಅಚ್ಚಾಗುವ ತನಕ ಕಾಯೋ ವಿಷಯ ಇದಲ್ಲ. ಪತ್ರ ಸಿಕ್ಕ ದಿನವೇ ಫೋನ್ ಮಾಡಿ ಆಸ್ಪತ್ರೆಗೆ ಹೋಗಲು ಹೇಳಿದ್ದೇನೆ. ಇಲ್ಲಿ ಬರೆಯುತ್ತಿರುವುದು ಉಳಿದವರಿಗೆ. ಕೊಳಕು ನೀರಿನಿಂದ ಬರುವ ಹೆಪಟೈಟಿಸ್ ಇ ಬೇರೆಯವರಲ್ಲಿ ಹೆಚ್ಚಾಗಿ ತಾನೇ ವಾಸಿಯಾಗುತ್ತದೆ. ಕೊನೆಯ ಮೂರು ತಿಂಗಳ ಗರ್ಭಿಣಿಯರಲ್ಲಿ ಹಾಗಲ್ಲ, ನೂರಕ್ಕೆ 20–25 ಜನ ಸಾಯುವಷ್ಟು ಉಗ್ರವಾಗಬಹುದು. ಬಿಪಿಗೆ ಸಂಬಂಧಿಸಿದ ತೊಂದರೆಯಲ್ಲೂ ಕಣ್ಣು ಹಳದಿಯಾಗುತ್ತದೆ. ಯಾವುದು ಅಂತ ಮನೆಯಲ್ಲಿ ಕೂತು ಗೊತ್ತಾಗುವುದಿಲ್ಲ. ಗಿಡಮೂಲಿಕೆ ಬೇಡ, ಕೆಲವು ಮೂಲಿಕೆಗಳು ಲಿವರಿಗೇ ಹೊಡೆತ ಕೊಡುತ್ತವೆ. ಗರ್ಭಿಣಿ ಮಂಪರಿನಲ್ಲಿದ್ದರೆ, ಮಾತು ತಡವರಿಸಿದರೆ, ವಸಡಿನಲ್ಲಿ ರಕ್ತ ಬಂದರೆ ಒಂದು ಗಂಟೆಯೂ ಕಾಯಬೇಡಿ. ಹೆರಿಗೆ ವಾರ್ಡಿನ ಜೊತೆ ಐಸಿಯು ಇರುವ ಆಸ್ಪತ್ರೆಗೇ ನೇರ ಕರೆದುಕೊಂಡು ಹೋಗಿ.