ವಿಎನ್‌ವಿ ಒತ್ತಿದರೂ ವಿಮಾನ ಇಳಿಯುತ್ತಿಲ್ಲವೇ?

ಫ್ಲೈಟ್ ಸಿಮ್ಯುಲೇಟರ್‌ನಲ್ಲಿ ಗಾರ್ಮಿನ್ ಜಿ1000 ಎನ್‌ಎಕ್ಸ್‌ಐ ಪರದೆಗಳು ಇರುವ ಸೆಸ್ನಾ 172ರಲ್ಲಿ ವಿಎನ್‌ವಿ (ಫ್ಲೈಟ್ ಪ್ಲಾನ್‌ನ ಎತ್ತರಗಳಿಗೆ ಆಟೋಪೈಲಟ್ ತಾನೇ ಇಳಿಸುವ ಬಟನ್) ಒತ್ತಿದ್ದೀರಿ, ಕೆಳಗಿಳಿಯಲು ಶುರುಮಾಡಬೇಕಾದ ಜಾಗ ದಾಟಿದರೂ ವಿಮಾನ 8,000 ಅಡಿಯಲ್ಲೇ ಹೋಗ್ತಾ ಇದೆ, ಅಲ್ವಾ? ಮೊದಲು ಎತ್ತರ ಆಯ್ಕೆ ಮಾಡುವ ಆಲ್ಟಿಟ್ಯೂಡ್ ನಾಬ್ ನೋಡಿ. ಅಲ್ಲಿ ಇನ್ನೂ 8,000 ಇದ್ದರೆ ಆಟೋಪೈಲಟ್ ಕದಲುವುದಿಲ್ಲ. ವಿಎನ್‌ವಿ ಒತ್ತುವುದು ತಯಾರಿ ಮಾತ್ರ, ಇಳಿಯಲು ಅನುಮತಿ ಕೊಡುವುದು ಆ ನಾಬ್. ಎಟಿಸಿ (ವಿಮಾನ ಸಂಚಾರ ನಿಯಂತ್ರಕರು) ಹೇಳದೆ ವಿಮಾನ ತಾನಾಗಿ ಇಳಿಯಬಾರದು ಅಂತ ಬೇಕೆಂದೇ ಹೀಗೆ ಮಾಡಿದ್ದಾರೆ. ಒಳ್ಳೆಯ ವ್ಯವಸ್ಥೆ ಅಂತಲೇ ನನ್ನ ಅಭಿಪ್ರಾಯ.

ಟಾಪ್ ಆಫ್ ಡಿಸೆಂಟ್ (ಇಳಿಯಲು ಶುರುಮಾಡುವ ಜಾಗ) ಬರುವ ಮೊದಲೇ ನಾಬ್ ತಿರುಗಿಸಿ ಇಳಿಯಬೇಕಾದ ಎತ್ತರ, ಉದಾಹರಣೆಗೆ 3,000 ಇಡಿ. ಆಗ ಪರದೆಯಲ್ಲಿ ವಿಪಿಟಿಎಚ್ (ಇಳಿಜಾರು ಹಿಡಿಯುವ ಮೋಡ್) ಬಿಳಿ ಬಣ್ಣದಲ್ಲಿ ಕಾಯುತ್ತಿರುತ್ತದೆ. ಇಳಿಯಲು ಶುರುವಾದಾಗ ಹಸಿರಾಗುತ್ತದೆ.

ಇನ್ನೊಂದು ವಿಷಯ. ಫ್ಲೈಟ್ ಪ್ಲಾನ್‌ನಲ್ಲಿ ಬಿಳಿ ಬಣ್ಣದಲ್ಲಿ ಕಾಣುವ ಎತ್ತರ ಬರೀ ಅಂದಾಜು. ತಿಳಿನೀಲಿಯಲ್ಲಿ ಇರುವುದನ್ನು ಮಾತ್ರ ವಿಎನ್‌ವಿ ಗುರಿಯಾಗಿ ಹಿಡಿಯುತ್ತದೆ. ಬಿಳಿಯಲ್ಲೇ ಇದ್ದರೆ, ನಿಮಗೆ ಬೇಕಾದ ವೇಪಾಯಿಂಟ್‌ನಲ್ಲಿ (ಮಾರ್ಗದ ಗುರುತು ಬಿಂದು) ಎತ್ತರವನ್ನು ನೀವೇ ಟೈಪ್ ಮಾಡಿ ಎಂಟರ್ ಒತ್ತಿ.

ಇಳಿಯಲು ಶುರುಮಾಡುವ ಜಾಗ ದಾಟಿಹೋಗಿದ್ದರೆ ವಿಎಸ್ ಮೋಡ್‌ನಲ್ಲಿ (ನಿಮಿಷಕ್ಕೆ ಎಷ್ಟು ಅಡಿ ಅಂತ ನೀವೇ ಹೇಳುವ ಮೋಡ್) ಇಳಿಸಿ. 3 ಡಿಗ್ರಿ ಇಳಿಜಾರಿಗೆ ಗ್ರೌಂಡ್ ಸ್ಪೀಡನ್ನು (ನೆಲಕ್ಕೆ ಹೋಲಿಸಿದ ವೇಗ) 5ರಿಂದ ಗುಣಿಸಿದರೆ ಸಾಕು. 120 ನಾಟ್ ಇದ್ದರೆ ನಿಮಿಷಕ್ಕೆ ಸುಮಾರು 600 ಅಡಿ. ತಡವಾಗಿದ್ದರೆ ಸ್ವಲ್ಪ ಜಾಸ್ತಿ ಬೇಕು.

ಎಂಜಿನ್ ಪವರ್ ನಿಯಂತ್ರಿಸುವ ಥ್ರಾಟಲ್ ಮಾತ್ರ ನಿಮ್ಮ ಕೈಯಲ್ಲೇ ಇದೆ, ಮರೀಬೇಡಿ. ಪವರ್ ಕಡಿಮೆ ಮಾಡದೆ ಸುಮ್ನೆ ಕೂತರೆ ಸ್ಪೀಡ್ ಮೀಟರಿನ ಹಳದಿ (ಎಚ್ಚರಿಕೆಯ) ಪಟ್ಟಿಗೆ ಹೋಗಿಬಿಡುತ್ತದೆ.

ಹಾಂ, ಹಳೆಯ ಜಿಎನ್‌ಎಸ್ 530 ಜಿಪಿಎಸ್ ಇರುವ ವಿಮಾನದಲ್ಲಿ ಇದ್ಯಾವುದೂ ನಡೆಯಲ್ಲ. ಅದರ ವಿಎನ್‌ಎವಿ (ಇಳಿಯುವ ಲೆಕ್ಕದ) ಪುಟ ಎಷ್ಟು ವೇಗದಲ್ಲಿ ಇಳಿಯಬೇಕು ಅಂತ ಹೇಳುತ್ತದೆ ಅಷ್ಟೇ, ಇಳಿಸುವುದು ನೀವೇ.